ಏಳನೇ ಮೆಟ್ಟಿಲಿಗೆ ಕ್ಲಿಪ್ಪು

ಗುರುವಾರ ಹಾಡಿನ ಹಬ್ಬದ ಗೇಟು ತೆಗೆದದ್ದೇ ತಡ, ಕುರ್ಚಿ ಕಂಕುಳಲ್ಲಿ ಇಟ್ಟುಕೊಂಡು ಓಡುವವಳು ನಾನು. ನನ್ನ ಗಂಡ ಗಾರ್ನೆಟ್ ಟ್ರಕ್ಕಿನಿಂದ ಟೆಂಟಿನ ಗೂಟ ಇಳಿಸುವಷ್ಟರಲ್ಲಿ ವೇದಿಕೆಯ ಮುಂದೆ ಎರಡನೇ ಸಾಲಿನಲ್ಲಿ ನಮ್ಮ ಎರಡು ಮಡಿಚುವ ಕುರ್ಚಿಗಳು ಬಿದ್ದಾಗಿರುತ್ತವೆ. ಒಂದು ಸಲ ಹಾಕಿದರೆ ಭಾನುವಾರದವರೆಗೆ ಅದು ನಮ್ಮ ಜಾಗ. ನಾವಿಲ್ಲದಾಗ ಯಾರು ಬೇಕಾದರೂ ಕೂತುಕೊಳ್ಳಬಹುದು, ನಾವು ಬಂದ ಕೂಡಲೇ ಎದ್ದು ಹೋಗಬೇಕು. ಏಳದೆ ಕೂತವರನ್ನು ಏಳಿಸುವುದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ಗಾರ್ನೆಟ್ ಆಗ ನನ್ನ ಪರಿಚಯವೇ ಇಲ್ಲದವನ ಹಾಗೆ ಪಾಪ್‌ಕಾರ್ನ್ ಅಂಗಡಿ ಕಡೆ ನಡೆದುಬಿಡುತ್ತಾನೆ.

ಮದುವೆಯಾದ ವರ್ಷದಿಂದ ಹಿಕರಿ ಗುಡ್ಡದ ಈ ಹಬ್ಬ ನಾನು ತಪ್ಪಿಸಿಲ್ಲ. ಬ್ಲೂಗ್ರಾಸ್ ಅಂದರೆ, ಬ್ಯಾಂಜೊ ಪಿಟೀಲು ಹಿಡಿದು ಹಾಡುವ ನಮ್ಮ ಗುಡ್ಡದ ಸಂಗೀತ ಅಂದರೆ, ನನಗೆ ಅಷ್ಟು ಹುಚ್ಚು. ಯಾವ ತಂಡದಿಂದ ಯಾವ ಪಿಟೀಲಿನವನು ಮುನಿಸಿಕೊಂಡು ಹೋದ, ಯಾರ ಮ್ಯಾಂಡೊಲಿನ್ನು ಯಾರ ಅಜ್ಜನದ್ದು, ಯಾವ ಹಾಡನ್ನು ಯಾರು ಕದ್ದು ತಮ್ಮದು ಅಂತ ಹೇಳಿಕೊಂಡರು, ಎಲ್ಲ ನನ್ನ ನಾಲಿಗೆ ತುದಿಯಲ್ಲಿದೆ. ಕಾಲುಚೀಲದ ಕಾರ್ಖಾನೆಯಲ್ಲಿ ಮಷೀನಿನ ಮುಂದೆ ನಿಂತ ಅಷ್ಟು ವರ್ಷವೂ ಈ ಹಬ್ಬ ಬರುವ ಆಗಸ್ಟಿನ ಮುಖ ನೋಡಿಕೊಂಡೇ ಬದುಕಿದವಳು ನಾನು. ಆದರೆ ನಾನು ಕೇಳುವವಳು. ಬಾರಿಸುವವಳಲ್ಲ, ಹಾಡುವವಳೂ ಅಲ್ಲ. ಹಾಗಂತ ಎಲ್ಲರೂ ಒಪ್ಪಿಕೊಂಡಿದ್ದರು, ನಾನೂ ಒಪ್ಪಿಕೊಂಡಿದ್ದೆ.

ಈ ವರ್ಷ ಬೇರೆ ಯೋಚನೆ ಇಟ್ಟುಕೊಂಡು ಬಂದಿದ್ದೆ. ನನ್ನ ಗಂಟಲಲ್ಲಿ ಒಂದು ಗಂಟು ಬೆಳೆದಿದೆ. ಕ್ಯಾನ್ಸರ್ ಅಲ್ಲ, ಆದರೆ ದೊಡ್ಡದಾಗುತ್ತಿದೆ, ತೆಗೆಯಲೇಬೇಕು ಅಂದರು ಡಾಕ್ಟರು. ಹಬ್ಬ ಮುಗಿದ ಮಂಗಳವಾರ ಆಪರೇಷನ್ನು. ಧ್ವನಿಯ ನರ ಆ ಗಂಟಿನ ಪಕ್ಕದಲ್ಲೇ ಹಾದುಹೋಗುತ್ತದಂತೆ.

‘ಮಾತಿಗೆ ತೊಂದರೆ ಆಗಲ್ಲ ಅನ್ನೋ ನಂಬಿಕೆ ಇದೆ’ ಅಂದರು. ‘ಆದ್ರೆ ಹಾಡೋರಿಗೆ ಬೇಕಾಗುತ್ತಲ್ಲ, ಮೇಲಿನ ಧ್ವನಿ, ಅದು ವಾಪಸ್ ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲ. ನೀವು ಹಾಡ್ತೀರಾ?’

‘ಇಲ್ಲ’ ಅಂದೆ. ಆ ‘ಇಲ್ಲ’ ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ತಿಂದುಹಾಕಿತು. ಜೀವಮಾನವೆಲ್ಲ ಈ ಹಾಡುಗಳನ್ನೇ ಉಸಿರಾಡಿ, ಒಂದು ಸಲವೂ ಬಾಯಿಬಿಟ್ಟು ಹಾಡದೆ ಧ್ವನಿ ಕಳೆದುಕೊಳ್ಳಬೇಕೇ? ಥೂ, ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಮನೆ ಮುಟ್ಟುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಆ ಮಂಗಳವಾರಕ್ಕೆ ಮುಂಚೆ, ಹೋಬರ್ಟನ ಸುತ್ತಿನಲ್ಲಿ ನಿಂತು, ಒಂದು ಹಾಡು ಪೂರ್ತಿ ಹಾಡೇ ಹಾಡುತ್ತೇನೆ. ಕೇಳಿದವರಿಗೆ ಏನು ಬೇಕಾದರೂ ಅನ್ನಿಸಲಿ.

ಹೋಬರ್ಟ್ ಗಾರ್ನೆಟ್‌ನ ಅಣ್ಣ. ವೇದಿಕೆ ಮೇಲಿನ ಹಬ್ಬ ಒಂದಾದರೆ ಟೆಂಟುಗಳ ನಡುವಿನ ಹಬ್ಬ ಇನ್ನೊಂದು, ಮತ್ತು ಅಲ್ಲಿ ಹೋಬರ್ಟನೇ ರಾಜ. ಅವನ ನೀಲಿ ಟಾರ್ಪಾಲಿನ ಕೆಳಗೆ ದಿನವೂ ಬಾರಿಸುವವರ ಸುತ್ತು ಸೇರುತ್ತದೆ. ಅವನದು ಬ್ಯಾಂಜೊ, ನನ್ನ ಗಂಡನದು ಗಿಟಾರು, ಪಕ್ಕದ ಟೆಂಟಿನವನದು ಪಿಟೀಲು, ನಮ್ಮೂರಿನ ಎಮರಿಯದು ತಳದ ಸ್ವರ ಹಿಡಿಯುವ, ಆಳಿಗಿಂತ ಎತ್ತರದ ಬಾಸು. ಸುತ್ತಿನ ನಿಯಮ ಎಲ್ಲರಿಗೂ ಗೊತ್ತು. ಕೈಯಲ್ಲಿ ವಾದ್ಯ ಇದ್ದವರು ಸುತ್ತಿನಲ್ಲಿ ನಿಲ್ಲುತ್ತಾರೆ, ಇಲ್ಲದವರು ಹಿಂದೆ ಕೂರುತ್ತಾರೆ. ಹಾಡಿನ ಸರದಿ ಒಬ್ಬರಿಂದ ಪಕ್ಕದವರಿಗೆ ದಾಟುತ್ತಾ ಹೋಗುತ್ತದೆ. ಯಾರ ಸರದಿಯೋ ಅವರು ಹಾಡನ್ನೂ ಶ್ರುತಿಯನ್ನೂ ಹೇಳುತ್ತಾರೆ, ಉಳಿದವರು ಬಾಯಿ ಮುಚ್ಚಿಕೊಂಡು ಹಿಂಬಾಲಿಸಬೇಕು. ಹೋಬರ್ಟನ ಸುತ್ತಿನಲ್ಲಿ ಶ್ರುತಿ ಅಂದರೆ ಜಿ. ತೀರಾ ಖುಷಿಯಾದರೆ ಎ. ಅದರಾಚೆ ಅವನ ಲೋಕವಿಲ್ಲ.

ನಾನು ಹೊಸ ಸೊಸೆಯಾಗಿ ಬಂದ ಕಾಲಕ್ಕೆ ನಮ್ಮತ್ತೆ ಬಲವಂತ ಮಾಡಿದರು ಅಂತ ಅದೇ ಟಾರ್ಪಾಲಿನ ಕೆಳಗೆ ಜಿ ಶ್ರುತಿಯಲ್ಲಿ ಒಂದು ಹಾಡು ಶುರು ಮಾಡಿದ್ದೆ. ಧ್ವನಿ ಎಲ್ಲೋ ಪಾತಾಳಕ್ಕೆ ಇಳಿದುಹೋಯಿತು. ಅರ್ಧಕ್ಕೇ ಹೋಬರ್ಟ್ ಬ್ಯಾಂಜೊ ನಿಲ್ಲಿಸಿ, ಕೈಯನ್ನು ಕಿವಿಗೆ ಇಟ್ಟುಕೊಂಡು, ‘ಯಾರೋ ಬಾವಿಗೆ ಬಿದ್ದವ್ರೆ, ಹಗ್ಗ ತನ್ನಿ’ ಅಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಏನು ಮಾಡುವುದು. ಆಮೇಲೆ ಬೀನ್ಸ್ ಬೇಯಿಸುವುದು, ಮೆಕ್ಕೆಜೋಳದ ಬ್ರೆಡ್ಡು ಸುಡುವುದು, ಹಿಂದೆ ಕೂತು ತಾಳ ಹಾಕುವುದು ನನ್ನ ಪಾಲಿಗೆ ಬಂತು.

ಶುಕ್ರವಾರ ಮಧ್ಯಾಹ್ನ ಸಣ್ಣ ಡೇರೆಯಲ್ಲಿ ಹಾಡುವುದನ್ನು ಹೇಳಿಕೊಡುತ್ತಾರೆ ಅಂತ ಬೋರ್ಡು ಇತ್ತು. ಬಾವಿಯ ಧ್ವನಿಯನ್ನಾದರೂ ಸ್ವಲ್ಪ ತೊಳೆದುಕೊಳ್ಳೋಣ ಅಂತ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹೇಳಿಕೊಡುವವಳು ಲೇಸಿ ಅಂತ, ಶನಿವಾರ ವೇದಿಕೆ ಹತ್ತುವ ತಂಡವೊಂದರ ಹುಡುಗಿ. ಗಿಟಾರ್ ಹಿಡಿದುಕೊಂಡು ಒಬ್ಬೊಬ್ಬರಿಂದ ಒಂದೊಂದು ಸಾಲು ಹಾಡಿಸುತ್ತಾ ಬಂದಳು.

‘ನಿಮ್ಮ ಹೆಸರು?’

‘ವೆಲ್ಡಾ.’

‘ಯಾವ ಹಾಡು ಹೇಳ್ತೀರಾ, ಮಿಸ್ ವೆಲ್ಡಾ?’

ಮದುವೆಯಾದವರನ್ನೂ ನಮ್ಮ ಕಡೆ ಗೌರವಕ್ಕೆ ಮಿಸ್ ಅನ್ನುತ್ತಾರೆ. ನಮ್ಮ ಗುಡ್ಡಗಾಡಿನಲ್ಲಿ ಎಲ್ಲರ ಬಾಯಲ್ಲೂ ಇರುವ ‘ಆಚೆ ದಡದ ದೀಪ’ ಹೇಳಿದೆ. ದೋಣಿ ನಡೆಸುವವನ ಮಗಳು ಹೊಳೆ ಏರಿದ ರಾತ್ರಿ ಅಪ್ಪನಿಗಾಗಿ ದೀಪ ಹಿಡಿದು ನಿಲ್ಲುವ ಹಾಡು. ಶ್ರುತಿ ಯಾವುದು ಅಂದಳು. ಜಿ ಅಂದೆ, ಬೇರೆ ಯಾವುದಿದೆ ಅನ್ನುವ ಹಾಗೆ. ಒಂದು ಸಾಲು ಹಾಡಿದೆ. ಬಾವಿ ಇದ್ದಲ್ಲೇ ಇತ್ತು.

ಲೇಸಿ ನಗಲಿಲ್ಲ. ತಲೆ ಓರೆ ಮಾಡಿ ನನ್ನ ಕುತ್ತಿಗೆಯನ್ನೇ ನೋಡಿದಳು. ಗಂಟು ಕಂಡಿತೇನೋ ಅಂತ ಕಾಲರು ಮೇಲೆಳೆದುಕೊಂಡೆ.

‘ಇದನ್ನ ಈ ಶ್ರುತಿಲಿ ಹಾಡು ಅಂತ ನಿಮಗೆ ಹೇಳಿದ್ದು ಯಾರು?’

‘ಯಾರೂ ಹೇಳಿಲ್ಲ. ಎಲ್ಲರೂ ಇದರಲ್ಲೇ ಹಾಡೋದು.’

‘ಎಲ್ಲರೂ ಅಂದ್ರೆ ಗಂಡಸರು’ ಅಂದಳು. ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪನ್ನು ಗಿಟಾರಿನ ಕುತ್ತಿಗೆಯ ಮೆಟ್ಟಿಲೊಂದಕ್ಕೆ ಹಾಕಿ ಶ್ರುತಿ ಏರಿಸಿದಳು. ‘ಈಗ ಹೇಳಿ.’ ಹೇಳಿದೆ. ‘ಇಲ್ಲ, ಇನ್ನೂ ಕೆಳಗಿದೆ.’ ಮತ್ತೆ ಏರಿಸಿದಳು. ‘ಇನ್ನೂ ಇಲ್ಲ.’ ಅಂಗಡಿಯಲ್ಲಿ ಚಪ್ಪಲಿ ಅಳತೆ ನೋಡುವವರ ಹಾಗೆ ಏರಿಸುತ್ತಾ ಹೋದಳು. ಡಿ ಶ್ರುತಿಗೆ ಬಂದಾಗ, ದೀಪ ಅನ್ನುವ ಪದದ ಹತ್ತಿರ, ನನ್ನ ಬಾಯಿಂದ ಒಂದು ಧ್ವನಿ ಹೊರಗೆ ಬಂತು. ಅದು ನನ್ನದು ಅಂತ ನನಗೇ ಗೊತ್ತಾಗಲಿಲ್ಲ. ಮುಂದಿನ ಬೆಂಚಿನವರೆಲ್ಲ ಹಿಂದೆ ತಿರುಗಿ ನೋಡಿದರು. ನಾನೂ ಹಿಂದೆ ತಿರುಗಿ ನೋಡಿದೆ, ಯಾರು ಹಾಡಿದ್ದು ಅಂತ. ಹಿಂದೆ ಬರೀ ಡೇರೆಯ ಬಟ್ಟೆ.

‘ನಿಮ್ಮ ಮನೆ ಇದು, ಮಿಸ್ ವೆಲ್ಡಾ’ ಅಂದಳು ಲೇಸಿ. ‘ಇಷ್ಟು ವರ್ಷ ಬೇರೆಯವರ ಮನೆಲಿದ್ರಿ.’

ಹೊರಗೆ ಬಂದು ನಿಂಬೆ ಶರಬತ್ತಿನ ಗಾಡಿಯ ಹಿಂದೆ ನಿಂತು ಅತ್ತೆ. ಸಂತೋಷಕ್ಕೆ ಅಂದುಕೊಳ್ಳಬೇಡಿ, ಸಿಟ್ಟಿಗೆ. ನನ್ನ ಧ್ವನಿಗೆ ಏನೂ ಆಗಿರಲಿಲ್ಲ. ಒಬ್ಬ ಗಂಡಸಾದರೂ ಒಂದು ಸಲ ಕ್ಲಿಪ್ಪು ಏಳು ಮೆಟ್ಟಿಲು ಮೇಲೆ ಹಾಕಿದ್ದರೆ ಸಾಕಿತ್ತು. ಇದು ಗೊತ್ತಾಗಿದ್ದಾದರೂ ಯಾವಾಗ? ಮಂಗಳವಾರ ಬಾಗಿಲಲ್ಲಿ ನಿಂತಿರುವಾಗ. ಮೂಗು ಒರೆಸಿಕೊಂಡು, ಶರಬತ್ತು ಕುಡಿದು, ಅಲ್ಲೇ ತೀರ್ಮಾನ ಬದಲಾಯಿಸಿದೆ. ಬರೀ ಹಾಡುವುದಲ್ಲ. ಹೋಬರ್ಟನ ಸುತ್ತಿನಲ್ಲೇ, ಡಿ ಶ್ರುತಿಯಲ್ಲೇ ಹಾಡುವುದು.

ಅಂದು ಸಂಜೆ ಊಟಕ್ಕೆ ಮುಂಚೆ ಸುತ್ತು ಸೇರಿತ್ತು. ಒಂದು ಹಾಡು ಮುಗಿದು ಎಲ್ಲರೂ ತಂತಿ ಬಿಗಿ ಮಾಡಿಕೊಳ್ಳುತ್ತಿದ್ದಾಗ ನಾನು ಸೌಟು ಹಿಡಿದುಕೊಂಡೇ ಟಾರ್ಪಾಲಿನ ಕೆಳಗೆ ಬಂದೆ.

‘ಹೋಬರ್ಟ್, ನಂಗೊಂದು ಸರದಿ ಬೇಕು.’

‘ಬೀನ್ಸ್ ಸೀದುಹೋಯ್ತಾ?’ ಅಂದ ಅವನು.

‘ಬೀನ್ಸ್ ಚೆನ್ನಾಗಿದೆ. ಹಾಡಬೇಕು. ಡಿ ಶ್ರುತಿಲಿ.’

ಅವನು ಬ್ಯಾಂಜೊವನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡ. ಬೇರೆಯವರಾದರೆ ಬ್ಯಾಂಜೊದಲ್ಲಿ ಡಿ ಬಾರಿಸುವ ದಾರಿ ನಾಲ್ಕು ಹುಡುಕುತ್ತಾರೆ. ಹೋಬರ್ಟನ ಬೆರಳಿಗೆ ಗೊತ್ತಿರುವುದು ಜಿ ದಾರಿ ಒಂದೇ. ಡಿ ಬೇಕಾದರೆ ಅದೇ ದಾರಿಯನ್ನು ಏಳನೇ ಮೆಟ್ಟಿಲಿಗೆ ಎತ್ತಿಕೊಂಡು ಹೋಗಬೇಕು.

‘ತಾಯಿ, ಏಳನೇ ಮೆಟ್ಟಿಲಿಗೆ ಕ್ಲಿಪ್ಪು ಹಾಕಿದ್ರೆ ನಂಗೆ ಉಳಿಯೋದೆಷ್ಟು? ಗೇಣುದ್ದ. ಬ್ಯಾಂಜೊ ಹೋಗಿ ಸೊಳ್ಳೆ ಆಗುತ್ತೆ. ಮಕ್ಕಳ ಆಟದ ಸಾಮಾನು ಆಗುತ್ತೆ.’

‘ಒಂದೇ ಹಾಡು.’

‘ಇವತ್ತು ನಿಂಗೆ ಡಿ, ನಾಳೆ ಇನ್ಯಾರಿಗೋ ಇ. ಆಮೇಲೆ ನಾನು ಬ್ಯಾಂಜೊ ಮಾರಿ ಸೀಟಿ ತಗೋಬೇಕು. ಅಲ್ಲದೆ ನಿನ್ನ ಕೈಲಿರೋದೇನು? ಸೌಟು. ಸುತ್ತಲ್ಲಿ ನಿಲ್ಲೋರ ಕೈಲಿ ವಾದ್ಯ ಇರಬೇಕು, ಅದು ನಂ ಅಪ್ಪನ ಕಾಲದಿಂದ ಇರೋ ಪದ್ಧತಿ.’ ತನ್ನ ಹಳೇ ತಮಾಷೆ ನೆನಪಾಗಿ ಮುಖ ಅರಳಿಸಿದ. ‘ಬಾವಿಲಿ ನೀರು ಹೆಂಗಿದೆ ಈಗ?’

ನನ್ನ ಪಿತ್ತ ನೆತ್ತಿಗೇರಿತು. ನನ್ನ ಗಂಡನ ಕಡೆ ನೋಡಿದೆ. ಗಾರ್ನೆಟ್ ಬಗ್ಗಿಕೊಂಡು ತಂತಿ ಬಿಗಿಸುವ ಗಿಟಾರಿನ ಕಿವಿ ತಿರುಗಿಸುತ್ತಿದ್ದ. ಅವನಿಗೆ ಅಣ್ಣನ ಎದುರು ಯಾವತ್ತೂ ಕಿವಿ ತಿರುಗಿಸುವ ಕೆಲಸವೇ ಇರುತ್ತದೆ. ಅವತ್ತು ಎಲ್ಲರ ತಟ್ಟೆಗೂ ಬೀನ್ಸ್ ಬಡಿಸಿದೆ, ಹೋಬರ್ಟನ ತಟ್ಟೆಗೆ ಮಾತ್ರ ಬರೀ ರಸ ಬಿತ್ತು.

ಟೆಂಟಿನೊಳಗೆ ಗಾರ್ನೆಟ್ ಬೂಟು ಬಿಚ್ಚುತ್ತಾ ಮೆಲ್ಲಗೆ ಅಂದ, ‘ಅವನಿಗೆ ವಿಷಯ ಹೇಳಿಬಿಡ್ತೀನಿ ಕಣೆ. ಮಂಗಳವಾರದ್ದು. ಗೊತ್ತಾದ್ರೆ ಈಗಿಂದೀಗ ಕ್ಲಿಪ್ಪು ಹಾಕ್ತಾನೆ. ಅಳ್ತಾ ಬಾರಿಸ್ತಾನೆ, ಅವನು ಕೆಟ್ಟೋನಲ್ಲ.’

‘ಹೇಳಿದ್ಯೋ, ಇಲ್ಲಿಂದ ಮನೆಗೆ ನಡ್ಕೊಂಡು ಹೋಗ್ತೀನಿ.’

‘ಯಾಕೆ ಈ ಹಠ?’

‘ಆಸ್ಪತ್ರೆಗೆ ಹೋಗೋಳು ಪಾಪ, ಹಾಡ್ಲಿ ಅಂತ ಬಿಟ್ಟುಕೊಡ್ತಾನೆ. ನಾನು ಹೆಂಗೆ ಹಾಡಿದ್ರೂ ಎಲ್ಲರೂ ಕಣ್ಣೊರೆಸ್ಕೊಂಡು ಚೆನ್ನಾಗಿತ್ತು ಅಂತಾರೆ. ಹಂಗಾದ್ರೆ ನನ್ನ ಧ್ವನಿ ಹೆಂಗಿತ್ತು ಅಂತ ನಂಗೆ ಯಾವತ್ತೂ ಗೊತ್ತಾಗಲ್ಲ, ಗಾರ್ನೆಟ್. ಅದೊಂದು ತಿಳ್ಕೋಬೇಕು ನಾನು. ಆಮೇಲೆ ಅದು ಹೋದ್ರೆ ಹೋಗ್ಲಿ.’

ಅವನು ಬಿಚ್ಚಿದ ಬೂಟನ್ನು ಟೆಂಟಿನ ಮೂಲೆಗೆ ಇಟ್ಟ. ‘ನಿನ್ನ ಧ್ವನಿ ನಂಗಿಷ್ಟ. ಪಾತ್ರೆ ತೊಳೀವಾಗ ಹಾಡ್ತೀಯಲ್ಲ’ ಅಂದ.

‘ಪಾತ್ರೆಗೆ ಹೇಳು. ನಂಗೆ ಒಂದು ದಿನವೂ ಹೇಳಲಿಲ್ಲ ನೀನು’ ಅಂದೆ. ಕಟುವಾಗಿಯೇ ಅಂದೆ. ಅವನಿಗೆ ಅದು ತಾಕಿತು ಅಂತ ಕಂಡಿತು, ತಾಕಲಿ ಅಂತಲೇ ಅಂದಿದ್ದು.

ಶನಿವಾರ ಬೆಳಿಗ್ಗೆ ಬೇರೆಯವರ ಸುತ್ತುಗಳನ್ನು ಹುಡುಕಿಕೊಂಡು ಹೋಗಬಹುದಿತ್ತು. ಮೈದಾನದ ತುಂಬ ಸುತ್ತುಗಳಿದ್ದವು, ಹೆಂಗಸರೇ ನಡೆಸುವವೂ ಇದ್ದವು. ಲೇಸಿ ಕೂಡ ಬನ್ನಿ ಅಂದಿದ್ದಳು. ಹೋಗಲಿಲ್ಲ. ಬಾವಿ ಅಂದವರು ಯಾರೋ ಅವರ ಕಿವಿಗೇ ಇದು ಬೀಳಬೇಕು ಅಂತ ನನ್ನ ಮೊಂಡುತನ.

ಊಟದ ಹೊತ್ತಿಗೆ ಎಮರಿ ಟೊಮ್ಯಾಟೊ ಸ್ಯಾಂಡ್‌ವಿಚ್ ತಿನ್ನಲು ನಮ್ಮ ಟೆಂಟಿಗೆ ಬಂದರು. ಎಪ್ಪತ್ತು ದಾಟಿದ ಮುದುಕ, ಅವರ ಬಾಸಿನಷ್ಟೇ ಉದ್ದ, ಅವರ ಬಾಸಿಗಿಂತ ಕಮ್ಮಿ ಮಾತು. ತಿಂದು ಕೈ ಒರೆಸಿಕೊಂಡು, ‘ನಾಳೆ ಬೆಳಿಗ್ಗೆ ನಾನಿರಲ್ಲ. ಮೊಮ್ಮಗನಿಗೆ ಹೊಳೇಲಿ ದೀಕ್ಷಾಸ್ನಾನ. ಬಾಸು ಇಲ್ಲೇ ಇರಲಿ, ಗಾರ್ನೆಟ್ ಟ್ರಕ್ಕಲ್ಲಿ ತಂದುಕೊಡ್ಲಿ’ ಅಂದರು.

‘ನಾಳೆ ಬೆಳಿಗ್ಗೆ ಸುತ್ತಿಗೆ ಬಾಸು ಯಾರು?’

‘ಯಾರೂ ಇಲ್ಲ. ಹೋಬರ್ಟಿಗೆ ಇನ್ನೂ ಹೇಳಿಲ್ಲ, ಕೂಗಾಡ್ತಾನೆ.’

ನನ್ನ ತಲೆಯಲ್ಲಿ ಏನೋ ಸರಕ್ಕನೆ ಹೊರಳಿತು. ಕೇಳುವವಳು ನಾನು, ಸರಿ. ಆದರೆ ಅಷ್ಟು ವರ್ಷ ಕೇಳಿದವಳು ನೋಡಿಯೂ ಇರುತ್ತಾಳಲ್ಲ. ಕೆಲವು ಹಾಡುಗಳಲ್ಲಿ ಎಮರಿಯ ಎಡಗೈ ಸುಮ್ಮನೆ ಬಾಸಿನ ಹೆಗಲ ಮೇಲೆ ನಿದ್ದೆ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

‘ಎಮರಿ, ಡಿ ಶ್ರುತಿಲಿ ಬಾರಿಸಬೇಕಾದ್ರೆ ನೀವು ಎಡಗೈಲಿ ಏನು ಒತ್ತುತೀರಾ?’

‘ಏನೂ ಇಲ್ಲ. ಡಿ ಹಾಡಿಗೆ ಬೇಕಾದ ಡಿ, ಜಿ, ಎ, ಮೂರೂ ಬಿಟ್ಟ ತಂತಿ. ಒತ್ತಬೇಕಾಗೇ ಇಲ್ಲ, ಬಲಗೈಲಿ ಎಳೆದ್ರೆ ಆಯ್ತು. ಯಾಕೆ?’

‘ಕಲಿಸಿಕೊಡಿ.’

‘ಈಗ ವೇದಿಕೆ ಮೇಲೆ ನಿಮ್ಮ ಅಚ್ಚುಮೆಚ್ಚಿನವರು ಬರ್ತಾರೆ. ವರ್ಷವೆಲ್ಲ ಅವರ ಹೆಸರೇ ಹೇಳ್ತಿದ್ರಿ.’

‘ಬರಲಿ. ನನ್ನ ಕುರ್ಚಿಲಿ ಯಾರಾದ್ರೂ ಕೂತು ಕೇಳ್ಲಿ.’

ಅದು ಸುಲಭವಾಗಿ ಅಂದ ಮಾತಲ್ಲ, ನಿಜ ಹೇಳುತ್ತೇನೆ. ಮೈದಾನದ ಆ ಕೊನೆಯಲ್ಲಿ, ದನದ ಬೇಲಿಯ ಪಕ್ಕ, ಓಕ್ ಮರದ ಕೆಳಗೆ ನಾನು ಬಾಸನ್ನು ಸೊಂಟಕ್ಕೆ ಒರಗಿಸಿಕೊಂಡು ನಿಂತಿದ್ದಾಗ ವೇದಿಕೆಯಿಂದ ಗಾಳಿಯಲ್ಲಿ ಅವರ ಹಾಡು ತೇಲಿ ಬರುತ್ತಿತ್ತು. ಒಂದು ಕಡೆ ಅವರ ಪಿಟೀಲು, ಒಂದು ಕಡೆ ಎಮರಿ ಕಾಲಲ್ಲಿ ನೆಲ ಕುಟ್ಟುತ್ತಾ, ‘ಒಂದಕ್ಕೆ ಎಳೀರಿ, ಎರಡಕ್ಕೆ ಬಿಡಿ. ಅವಸರ ಬೇಡ. ಎಲ್ಲರೂ ನಿಮ್ಮ ಮೇಲೆ ನಡೀತಾರೆ ಅಂತ ಜ್ಞಾಪಕ ಇರಲಿ’ ಅನ್ನುತ್ತಿದ್ದರು. ತಂತಿ ಅಂದರೆ ತಂತಿಯೇ ಅಲ್ಲ, ಬಾವಿಯ ಹಗ್ಗ. ಮಧ್ಯಾಹ್ನ ಇಳಿಯುವಷ್ಟರಲ್ಲಿ ಬಲಗೈಯ ಎರಡು ಬೆರಳು ಬೊಬ್ಬೆ ಬಂದು ಒಡೆದವು. ಎಮರಿ ತಮ್ಮ ಜೇಬಿನಿಂದ ಬಟ್ಟೆಯ ಪಟ್ಟಿ ತೆಗೆದು ಸುತ್ತಿದರು. ಯಾಕೆ, ಏನು ಅಂತ ಕೇಳಲೇ ಇಲ್ಲ. ಹೋಗುವಾಗ ಮಾತ್ರ, ‘ಹೋಬರ್ಟಿಗೆ ನಾನು ಹೋಗೋ ವಿಷಯ ಹೇಳಲ್ಲ. ಬೆಳಿಗ್ಗೆ ತಾನೇ ಕಂಡ್ಕೊಳ್ಲಿ’ ಅಂದರು. ಮುದುಕ ಮೂರ್ಖನೇನಲ್ಲ.

ಭಾನುವಾರ ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಇನ್ನೂ ಏಳದೆ ಬಿದ್ದಿತ್ತು. ಅರ್ಧ ಜನ ಟೆಂಟು ಬಿಚ್ಚುತ್ತಿದ್ದರು. ಹೋಬರ್ಟ್ ಕಾಫಿ ಕುಡಿದು, ಬ್ಯಾಂಜೊ ಕೊರಳಿಗೆ ಹಾಕಿಕೊಂಡು ಕೊನೆಯ ಸುತ್ತಿಗೆ ನಿಂತ. ಆ ಕಡೆ ಈ ಕಡೆ ನೋಡಿದ.

‘ಎಮರಿ ಎಲ್ಲಿ?’

‘ದೀಕ್ಷಾಸ್ನಾನಕ್ಕೆ ಹೋದರು’ ಅಂದೆ.

‘ಈ ವಯಸ್ಸಲ್ಲಾ?’

‘ಮೊಮ್ಮಗಂದು.’

‘ಬಾಸ್ ಇಲ್ಲದೆ ಏನು ಬಾರಿಸೋದು, ನನ್ನ ತಲೆ? ಗಾರ್ನೆಟ್, ನೀನು ಬಾಸ್ ಹಿಡಿ.’

ನನ್ನ ಗಂಡ ಗಿಟಾರಿನ ಕಿವಿಯಿಂದ ಕೈ ತೆಗೆದ. ‘ನಾನು ಬಾಸ್ ಹಿಡಿದ್ರೆ ಗಿಟಾರ್ ನಿಮ್ಮಪ್ಪ ಬಾರಿಸ್ತಾನಾ? ನಾನು ಹಿಡಿಯಲ್ಲ.’ ಇಬ್ಬರಿಗೂ ಅಪ್ಪ ಒಬ್ಬನೇ ಅಂತ ಅವನಿಗೆ ಆಮೇಲೆ ಹೊಳೆಯಿತೋ ಏನೋ, ಕಿವಿ ಕೆಂಪಗಾಯಿತು. ಆದರೆ ತಲೆ ತಗ್ಗಿಸಲಿಲ್ಲ. ಅಣ್ಣನಿಗೆ ಅವನು ಅಡ್ಡ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಹೋಗಿ ಬಾಸನ್ನು ಎತ್ತಿ ನಿಲ್ಲಿಸಿಕೊಂಡೆ. ಸುತ್ತಿನೊಳಗೆ, ಎಮರಿ ನಿಲ್ಲುವ ಜಾಗದಲ್ಲಿ, ಹೋಬರ್ಟನ ಎಡಗಡೆ.

‘ಇದೇನು?’

‘ವಾದ್ಯ’ ಅಂದೆ. ‘ಕೈಲಿ ವಾದ್ಯ ಇರಬೇಕು ಅಂದ್ಯಲ್ಲ.’

ಪಿಟೀಲಿನವನು ಕೆಮ್ಮಿದ. ಹೋಬರ್ಟ್ ನನ್ನನ್ನೂ ಬಾಸನ್ನೂ ಮೇಲಿಂದ ಕೆಳಗೆ ನೋಡಿದ. ‘ಬಾರಿಸಕ್ಕೆ ಬರುತ್ತಾ?’

‘ಡಿ ಶ್ರುತಿಲಿ ಬರುತ್ತೆ. ಬೇರೆ ಯಾವುದರಲ್ಲೂ ಬರಲ್ಲ. ಎಡಗೈಲಿ ಒತ್ತಕ್ಕೆ ಬರಲ್ಲ ನಂಗೆ, ಬಿಟ್ಟ ತಂತಿ ಮಾತ್ರ.’

ಅವನು ದಡ್ಡನೇನಲ್ಲ. ಕಣ್ಣು ಕಿರಿದು ಮಾಡಿದ. ‘ಜಿಗಾದ್ರೆ ಒತ್ತಬೇಕು, ಸರಿ. ಎ ಶ್ರುತಿಗೂ ಬಿಟ್ಟ ತಂತಿ ಸಾಕು. ಎ ಬಾರಿಸು.’

‘ಎ ಶ್ರುತಿಗೆ ಆ ದಪ್ಪ ತಂತಿ ಬೇಕಾಗುತ್ತೆ. ಅದನ್ನ ಎಳೆಯಕ್ಕೆ ನನ್ನ ಕೈಲಾಗಲ್ಲ.’ ಬಟ್ಟೆ ಸುತ್ತಿದ ಬೆರಳುಗಳನ್ನು ಅವನ ಮೂಗಿನ ಮುಂದೆ ಹಿಡಿದೆ. ಎಳೆಯಲು ಆಗುತ್ತಿತ್ತೋ ಇಲ್ಲವೋ, ನಾನು ಪ್ರಯತ್ನ ಮಾಡಿ ನೋಡಿರಲಿಲ್ಲ. ನೋಡುವ ಉದ್ದೇಶವೂ ಇರಲಿಲ್ಲ.

ಪಿಟೀಲಿನವನು ಕಮಾನಿಗೆ ರಾಳ ತಿಕ್ಕುತ್ತಾ, ‘ಡಿ ಅಂದ್ರೆ ನಂಗಂತೂ ಹಬ್ಬ. ನಿನ್ನ ಜಿ ಕೇಳಿ ಕೇಳಿ ನನ್ನ ಪಿಟೀಲಿಗೆ ಹುಳ ಹಿಡಿದಿದೆ’ ಅಂದ. ಗಾರ್ನೆಟ್ ಆಗಲೇ ತನ್ನ ಗಿಟಾರನ್ನು ಡಿಗೆ ಸಿದ್ಧ ಮಾಡಿಕೊಂಡಿದ್ದ. ಹೋಬರ್ಟ್ ಎಲ್ಲರ ಮುಖ ನೋಡಿದ. ಬಾಸು ಇಲ್ಲದೆ ಬ್ಯಾಂಜೊ ಒಬ್ಬಂಟಿ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಜೇಬಿಗೆ ಕೈ ಹಾಕಿ ಕ್ಲಿಪ್ಪು ತೆಗೆದ. ಕಹಿ ಔಷಧ ಕುಡಿಯುವವನ ಮುಖ ಮಾಡಿಕೊಂಡು ಏಳನೇ ಮೆಟ್ಟಿಲಿಗೆ ಹಾಕಿದ. ಒಂದು ಸಲ ಮೀಟಿ, ‘ಸೊಳ್ಳೆ’ ಅಂದ.

ಮೊದಲು ಪಿಟೀಲಿನವನ ಸರದಿ. ಅವನು ಒಂದು ಕುಣಿತದ ಮಟ್ಟು ಬಾರಿಸಿದ. ನಾನು ಒಂದಕ್ಕೆ ಎಳೆದು ಎರಡಕ್ಕೆ ಬಿಟ್ಟೆ, ಬೆರಳು ಉರಿಯುತ್ತಿತ್ತು, ಬೀಳಲಿಲ್ಲ. ಮುಂದೆ ಗಾರ್ನೆಟ್. ಅವನು ಹಾಡಬೇಕಿತ್ತು. ‘ನನ್ನ ಸರದಿ ದಾಟಿಸ್ತೀನಿ’ ಅಂತ ಹೇಳಿ ಪಕ್ಕದವರ ಕಡೆ ತಲೆ ಆಡಿಸಿದ. ಪಕ್ಕದವಳು ನಾನು.

‘ಆಚೆ ದಡದ ದೀಪ’ ಅಂದೆ. ‘ಡಿ ಶ್ರುತಿ.’

‘ಗೊತ್ತು ಮಾರಾಯ್ತಿ’ ಅಂದ ಹೋಬರ್ಟ್.

ಮೊದಲ ಸಾಲು ಹೇಗೆ ಹಾಡಿದೆನೋ ನನಗೆ ನೆನಪಿಲ್ಲ, ಬಾಸಿನ ಮೇಲೇ ಗಮನವಿತ್ತು. ಎರಡನೇ ಸಾಲಿಗೆ ಬಲಗೈ ತನ್ನ ಪಾಡಿಗೆ ನಡೆಯತೊಡಗಿತು. ಮೂರನೆಯದರಲ್ಲಿ ದೀಪ ಅನ್ನುವ ಆ ಪದ ಬಂತು. ನಾನು ಬಾಯಿ ಬಿಟ್ಟೆ. ಶುಕ್ರವಾರ ಡೇರೆಯಲ್ಲಿ ಕೇಳಿದ ಆ ಧ್ವನಿ ಅಲ್ಲೇ ಕಾದುಕೊಂಡಿತ್ತು. ಈ ಸಲ ಹಿಂದೆ ತಿರುಗಿ ನೋಡಲಿಲ್ಲ, ನನ್ನದೇ ಅಂತ ಗೊತ್ತಿತ್ತು. ಹೊರಗೆ ಬಂತು, ಟಾರ್ಪಾಲು ದಾಟಿತು, ಟೆಂಟಿನ ಗೂಟ ಕೀಳುತ್ತಿದ್ದವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು.

ಹೋಬರ್ಟ್ ತನ್ನ ಬ್ಯಾಂಜೊ ನೋಡಿಕೊಂಡು ಬಾರಿಸುತ್ತಿದ್ದವನು ತಲೆ ಎತ್ತಿದ. ನಗಲು ಸಿದ್ಧವಾಗಿದ್ದ ಬಾಯಿ ಹಾಗೇ ಸ್ವಲ್ಪ ತೆರೆದುಕೊಂಡಿತ್ತು. ಆಮೇಲೆ ಮುಚ್ಚಿಕೊಂಡ. ಚರಣದ ಕೊನೆಗೆ ಅವನ ಬ್ಯಾಂಜೊದ ಸರದಿ ಬಂದಾಗ, ಸೊಳ್ಳೆಯೂ ಇಲ್ಲ ಆಟದ ಸಾಮಾನೂ ಇಲ್ಲ, ಏಳನೇ ಮೆಟ್ಟಿಲಿನ ಆ ಗೇಣುದ್ದದಲ್ಲಿ ಸಣ್ಣ ಗಂಟೆಗಳ ಹಾಗೆ ಬಾರಿಸಿದ. ಅವನ ಕೈಯಿಂದ ಅಂಥದ್ದು ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ ಅಂತ ಕಾಣುತ್ತದೆ.

ಹಾಡುವವರು ಒಂದು ಕಾಲು ಎತ್ತಿದರೆ ಹಾಡು ಮುಗಿಯಿತು ಅಂತ ಲೆಕ್ಕ, ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಚರಣಗಳೆಲ್ಲ ಮುಗಿದವು. ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ನಾನು ಎತ್ತಲಿಲ್ಲ. ಪಲ್ಲವಿ ಮತ್ತೆ ಹಾಡಿದೆ. ಮತ್ತೊಮ್ಮೆ ಹಾಡಿದೆ. ಗಾರ್ನೆಟ್ ಕೆಳಗಿನ ಧ್ವನಿಯಲ್ಲಿ ಜೊತೆ ಸೇರಿದ, ಕಣ್ಣು ನನ್ನ ಕಾಲಿನ ಮೇಲಿರಲಿಲ್ಲ, ಮುಖದ ಮೇಲಿತ್ತು. ಅವನ ಗಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಗಿಟಾರು ಬಿಡಬೇಕಲ್ಲ, ಬಿಡಲಿಲ್ಲ. ಹಾಡು ನನ್ನದು, ನಿಲ್ಲಿಸುವವಳೂ ನಾನೇ ಅಂತ ಸಾಕಾಗುವಷ್ಟು ಹಾಡಿ, ಆಮೇಲೆ ಕಾಲು ಎತ್ತಿದೆ.

ಸುತ್ತಿನಲ್ಲಿ ಚಪ್ಪಾಳೆ ತಟ್ಟುವ ಪದ್ಧತಿ ಇಲ್ಲ. ಮುಂದಿನ ಸರದಿ ಹೋಬರ್ಟನದು. ಅವನು ಕ್ಲಿಪ್ಪಿಗೆ ಕೈ ಹಾಕಿ, ತೆಗೆಯದೆ, ಹೆಬ್ಬೆರಳಲ್ಲಿ ಅದನ್ನು ಸವರುತ್ತಾ ನಿಂತ. ನನ್ನ ಕಡೆ ನೋಡಲಿಲ್ಲ.

‘ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?’

‘ಬಾವಿಲಿ’ ಅಂದೆ.

ಅವನ ಮುಖ ಕೆಂಪಾಯಿತು, ಆಮೇಲೆ ಮೆತ್ತಗಾಯಿತು. ‘ಬರೋ ವರ್ಷದಿಂದ ಶನಿವಾರ ಸಂಜೆ ಮೊದಲನೇ ಸರದಿ ನಿಂದು. ಡಿ ಅನ್ನು, ಏನು ಬೇಕಾದ್ರೂ ಅನ್ನು, ಹಾಕ್ತೀನಿ. ನಾನಿರೋವರೆಗೂ ಅದು ನಿನ್ನ ಜಾಗ. ಕೇಳಿಸ್ತಾ, ವೆಲ್ಡಾ? ಬರೋ ವರ್ಷದಿಂದ, ಪ್ರತಿ ವರ್ಷ.’

ಅವನಿಗೆ ಮಂಗಳವಾರದ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅಂದ ಮಾತು, ಅದಕ್ಕೇ ಅಪ್ಪಟ ಮಾತು. ಗಾರ್ನೆಟ್ ಬಗ್ಗಿ ಗಿಟಾರಿನ ಕಿವಿ ತಿರುಗಿಸತೊಡಗಿದ, ಶ್ರುತಿ ಸರಿಯಾಗಿಯೇ ಇತ್ತು. ನನ್ನ ಕೈ ತಾನಾಗಿಯೇ ಗಂಟಲಿನ ಹತ್ತಿರ ಹೋಯಿತು. ವಾಪಸ್ ತಂದು ತಂತಿಯ ಮೇಲಿಟ್ಟೆ.

‘ಬರೋ ವರ್ಷದ್ದು ಬರೋ ವರ್ಷ’ ಅಂದೆ. ‘ಈಗ ನಿನ್ನ ಸರದೀನೂ ನಂಗೆ ಕೊಡು, ಹೋಬರ್ಟ್. ಕ್ಲಿಪ್ಪು ತೆಗೀಬೇಡ.’